ಊರದ ಕಾಲು, ಕೂಡದ ಎಲುಬು: ಕಲಬುರಗಿಯ ಒಂದು ಪ್ರಕರಣ

ಗಂಡಸು, ವಯಸ್ಸು 34, ತೂಕ 58 ಕೆಜಿ. ಚಿತ್ತಾಪುರ ತಾಲ್ಲೂಕಿನ ಹಳ್ಳಿಯವರು. ಎರಡು ಎಕರೆ ತೊಗರಿ ಹೊಲ ಇದೆ. ಉಳಿದ ದಿನಗಳಲ್ಲಿ ಶಹಾಬಾದ್ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎತ್ತಿ ಲಾರಿಗೆ ಹೇರುವ ಕೆಲಸ. ಅಕ್ಟೋಬರ್‌ನಲ್ಲಿ ಬೈಕ್ ಜಾರಿ ಬಿದ್ದು ಬಲಗಾಲಿನ ಮೊಣಕಾಲ ಕೆಳಗಿನ ಎರಡೂ ಎಲುಬು ಮುರಿದುಕೊಂಡರು. ಟಿಬಿಯಾ ಅನ್ನುವ ದಪ್ಪ ಎಲುಬು ನಟ್ಟನಡುವೆ ಅಡ್ಡಡ್ಡ ಮುರಿದಿತ್ತು. ಪಕ್ಕದ ಸಣ್ಣ ಎಲುಬು ಫಿಬುಲಾ ಅದಕ್ಕಿಂತ ಸ್ವಲ್ಪ ಮೇಲೆ. ಚರ್ಮ ಹರಿದಿರಲಿಲ್ಲ. ಮರುದಿನವೇ ಆಪರೇಷನ್ ಆಗಿತ್ತು. ಟಿಬಿಯಾದ ಒಳಗೆ ಉದ್ದಕ್ಕೂ ಒಂದು ರಾಡ್. ಅದು ತಿರುಗದ ಹಾಗೆ, ಜಾರದ ಹಾಗೆ ಮೇಲೆ ಎರಡು ಸ್ಕ್ರೂ, ಕೆಳಗೆ ಎರಡು ಸ್ಕ್ರೂ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ, ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.

ನಮ್ಮ ಫಿಸಿಯೋಥೆರಪಿ ಕೋಣೆಗೆ ಅವರು ಬಂದದ್ದು ಮೇ ತಿಂಗಳಲ್ಲಿ. ಮುರಿದು ಏಳು ತಿಂಗಳಾಗಿತ್ತು. ಕಲಬುರಗಿಯ ಮೇ ಅಂದರೆ ಗೊತ್ತಲ್ವಾ, ಬೆಳಗ್ಗೆ ಹತ್ತಕ್ಕೇ ಬಾಗಿಲು ಹಾಕಿಕೊಳ್ಳಬೇಕು. ಎರಡೂ ಕಂಕುಳಲ್ಲಿ ಊರುಗೋಲು, ಬಲಗಾಲು ಗಾಳಿಯಲ್ಲಿ ಮಡಚಿಕೊಂಡೇ ಒಳಗೆ ಬಂದರು. ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಸೂಚನೆವರೆಗೆ ಕಾಲಿನ ಮೇಲೆ ಭಾರ ಬೇಡ ಅಂತ ಬರೆದಿತ್ತು. ಮುಂದಿನ ಸೂಚನೆ ಬರಲೇ ಇಲ್ಲ. ತೋರಿಸಲು ಹೇಳಿದ ತಾರೀಖು ಡಿಸೆಂಬರ್‌ನಲ್ಲಿತ್ತು. ಆಗ ತೊಗರಿ ರಾಶಿ, ಕರೆದುಕೊಂಡು ಹೋಗುವವರು ಯಾರೂ ಇರಲಿಲ್ಲ. ಆಮೇಲೆ ಹೋದಾಗ ಆಪರೇಷನ್ ಮಾಡಿದ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಊರಿನ ಜನ ತಮ್ಮ ಮಾತು ಸೇರಿಸಿದರು. "ರಾಡ್ ಬಾಗ್ತದ ಅಂತ ಎಲ್ಲಾರೂ ಹೇಳ್ಯಾರ. ಅದ್ಕ ನೆಲಕ್ಕ ಇಟ್ಟೇ ಇಲ್ರಿ" ಅಂದರು.

ಎಕ್ಸ್‌ರೇ ನೋಡುವ ಮೊದಲು ನಾನು ಎರಡೂ ಅಂಗಾಲು ನೋಡಿದೆ. ಎಡಗಾಲಿನ ಹಿಮ್ಮಡಿ ಒಡೆದು, ಬಿರುಕಿನಲ್ಲಿ ಮಣ್ಣು ಕೂತು ಗಟ್ಟಿಯಾಗಿತ್ತು. ಬಲಗಾಲಿನ ಹಿಮ್ಮಡಿಯಲ್ಲಿ ಒಂದೂ ಬಿರುಕಿರಲಿಲ್ಲ. ಚರ್ಮ ತೆಳ್ಳಗೆ, ನುಣ್ಣಗೆ, ಸ್ವಲ್ಪ ಹೊಳೆಯುತ್ತಿತ್ತು. ಮೀನಖಂಡದ ಸುತ್ತಳತೆ ಎಡಕ್ಕಿಂತ ಮೂರು ಸೆಂ.ಮೀ. ಕಡಿಮೆ. ಮುರಿದ ಜಾಗದಲ್ಲಿ ಒತ್ತಿದರೆ ನೋವು. ಕಾವು ಇಲ್ಲ, ಕೀವಿಲ್ಲ, ಊತ ಅಷ್ಟಿಲ್ಲ.

ಜೊತೆಗೆ ಬಂದಿದ್ದ ಭಾವಮೈದುನನ ಕೈಯಲ್ಲಿ ಒಂದು ಕರಪತ್ರ ಇತ್ತು. ದೊಡ್ಡ ಊರಿನ ಯಾವುದೋ ಕ್ಲಿನಿಕ್. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಇಂಜೆಕ್ಷನ್ ಹಾಕಿದರೆ ಕೂಡದ ಎಲುಬು ಕೂಡುತ್ತದೆ ಅಂತ ಅದರಲ್ಲಿತ್ತು. ಅವರು ಹೇಳಿದ ದರಕ್ಕೆ ಒಂದು ಎಕರೆ ಹೊಲ ಹೋಗುತ್ತಿತ್ತು. "ಕೊಡಿಸ್ಲೋ ಬ್ಯಾಡೋ, ಅದೊಂದು ಹೇಳ್ರಿ" ಅಂತ ಕೇಳಿದರು. ಈ ಪ್ರಕರಣ ಬರೆಯಬೇಕು ಅನ್ನಿಸಿದ್ದು ಆ ಪ್ರಶ್ನೆಯಿಂದ. ಉತ್ತರ ಹೇಳೋದಕ್ಕೆ ಮೊದಲು ಒಂದು ಸಂಗತಿ ಗೊತ್ತಾಗಬೇಕಿತ್ತು. ಈ ಕಾಲಿಗೆ ನಿಜಕ್ಕೂ ಸ್ಟೆಮ್ ಸೆಲ್ ಕೊರತೆ ಇತ್ತಾ?

ಎಕ್ಸ್‌ರೇ ಏನು ಹೇಳಿತು

ಎಲುಬಿನ ಸರ್ಜನ್ ಜೊತೆ ಕೂತು ಚಿತ್ರ ನೋಡಿದೆವು. ಟಿಬಿಯಾದ ಮುರಿತದ ಗೆರೆ ಇನ್ನೂ ಸ್ಪಷ್ಟ. ಎರಡು ತುದಿಗಳ ನಡುವೆ ಸುಮಾರು 2 ಮಿ.ಮೀ. ಸಂದು. ರಾಡ್ ನೆಟ್ಟಗಿದೆ, ಸ್ಕ್ರೂ ಯಾವುದೂ ಮುರಿದಿಲ್ಲ. ಹಿಂಬದಿಯಲ್ಲಿ ಮಾತ್ರ ಮಂಜಿನಂಥ ಬಿಳಿ, ಅಂದರೆ ಸ್ವಲ್ಪ ಹೊಸ ಎಲುಬು ಶುರುವಾಗಿ ನಿಂತುಹೋಗಿದೆ. ಟಿಬಿಯಾ ಮುರಿತ ಎಷ್ಟು ಕೂಡಿದೆ ಅಂತ ಅಳೆಯಲು ರಸ್ಟ್ ಅನ್ನುವ ಅಂಕಪಟ್ಟಿ ಇದೆ. ಎಲುಬಿನ ನಾಲ್ಕು ಬದಿಗೆ ತಲಾ 1ರಿಂದ 3 ಅಂಕ. ಏನೂ ಕೂಡಿಲ್ಲದಿದ್ದರೆ 4, ಪೂರ್ತಿ ಕೂಡಿದರೆ 12. ಇವರದು 5.

ಆದರೆ ನನ್ನ ಕಣ್ಣು ಹೋದದ್ದು ಪಕ್ಕದ ಫಿಬುಲಾ ಕಡೆಗೆ. ಅದು ಪೂರ್ತಿ ಕೂಡಿತ್ತು, ಅದೂ ಗಂಟು ಕಟ್ಟಿದಂತೆ ದಪ್ಪವಾಗಿ.

ಒಂದೇ ಕಾಲು, ಒಂದೇ ರಕ್ತ, ಒಂದೇ ವಯಸ್ಸು, ಒಂದೇ ಬೀಡಿ ಚಟ. ಒಂದು ಎಲುಬು ಕೂಡಿದೆ, ಅದರ ಪಕ್ಕದ್ದು ಕೂಡಿಲ್ಲ. ದೇಹದಲ್ಲೇ ಎಲುಬು ಕಟ್ಟುವ ಶಕ್ತಿ ಇಲ್ಲದಿದ್ದರೆ ಎರಡೂ ಹಾಗೇ ಉಳಿಯಬೇಕಿತ್ತು. ಫಿಬುಲಾಗೆ ರಾಡ್ ಇರಲಿಲ್ಲ. ಅದು ಸ್ನಾಯುಗಳ ಎಳೆತಕ್ಕೆ ಸ್ವಲ್ಪ ಸ್ವಲ್ಪ ಅಲುಗಾಡುತ್ತಾ ತಾನಾಗಿ ಕೂಡಿಕೊಂಡಿತ್ತು. ಕೂಡಿದ ಮೇಲೆ ಮಾತ್ರ ಒಂದು ತೊಂದರೆ ಮಾಡಿತು. ಗಟ್ಟಿಯಾದ ಫಿಬುಲಾ ಪಕ್ಕದಲ್ಲಿ ಆಧಾರವಾಗಿ ನಿಂತು, ಟಿಬಿಯಾದ ಎರಡು ತುದಿ ಹತ್ತಿರ ಬರದಂತೆ ತಡೆಯಿತು. ಸರ್ಜನ್‌ಗಳಿಗೆ ಇದು ಹಳೇ ಪರಿಚಯದ ತೊಂದರೆ.

ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕಲ್ಲ? ಸೋಂಕಿನ ಸುಳಿವು ಕೊಡುವ ರಕ್ತ ಪರೀಕ್ಷೆ ಇಎಸ್‌ಆರ್, ಸಿಆರ್‌ಪಿ ಎರಡೂ ಸರಿ ಇದ್ದವು, ಹಾಗಾಗಿ ಒಳಗೆ ಸೋಂಕು ಇರುವ ಸಾಧ್ಯತೆ ಕಡಿಮೆ. ಸಕ್ಕರೆ ಕಾಯಿಲೆ ಇಲ್ಲ. ವಿಟಮಿನ್ ಡಿ ಕಡಿಮೆ ಇತ್ತು. ಏಳು ತಿಂಗಳು ಮನೆಯೊಳಗೇ ಕೂತವರಿಗೆ ಅದು ಆಶ್ಚರ್ಯವಲ್ಲ, ಬಿಸಿಲಿಗೆ ಬರವಿಲ್ಲದ ಊರಾದರೂ. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದರು. ಹೊಗೆ ಟಿಬಿಯಾ ಕೂಡುವುದನ್ನು ತಡಮಾಡುತ್ತದೆ ಅನ್ನೋದಕ್ಕೆ ಸಾಕಷ್ಟು ಆಧಾರ ಇದೆ. ನಮ್ಮ ಭಾಗದ ಕೆಲವು ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದು ಎಲುಬನ್ನು ದಟ್ಟ ಮಾಡಿ, ಆದರೆ ಪೆಡಸು ಮಾಡುತ್ತದೆ. ಹಾಗಾಗಿ ಅದನ್ನೂ ನೋಡಿದೆವು. ಎಕ್ಸ್‌ರೇಯಲ್ಲಿ ಅದರ ಗುರುತು ಇರಲಿಲ್ಲ.

ಒಂಬತ್ತು ತಿಂಗಳಾಗಿ, ಕಡೇ ಮೂರು ತಿಂಗಳಲ್ಲಿ ಏನೂ ಮುಂದುವರಿಯದಿದ್ದರೆ ಮಾತ್ರ ಎಲುಬು ಕೂಡಲಿಲ್ಲ ಅನ್ನುವುದು ಸಾಮಾನ್ಯ ರೂಢಿ. ಆ ಲೆಕ್ಕದಲ್ಲಿ ಇವರದು ತಡವಾದ ಕೂಡಿಕೆ. ಬಾಗಿಲು ಇನ್ನೂ ತೆರೆದಿತ್ತು.

ಸ್ಟೆಮ್ ಸೆಲ್ ಎಲ್ಲಿತ್ತು, ಏನು ಕಾಯುತ್ತಿತ್ತು

ಮಜ್ಜೆಯಲ್ಲಿ ಎಲುಬಾಗಬಲ್ಲ ಕೋಶಗಳಿವೆ ಅಂತ ಮೊದಲು ತೋರಿಸಿದವರಲ್ಲಿ ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮುಖ್ಯರು. 1960–70ರ ದಶಕದ ಕೆಲಸ ಅದು. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಅವಕ್ಕೆ ಮೀಸೆಂಕೈಮಲ್ ಸ್ಟೆಮ್ ಸೆಲ್ ಅನ್ನುವ ಹೆಸರನ್ನು ಚಾಲ್ತಿಗೆ ತಂದರು. ಈ ಜಾತಿಯ ಕೋಶ ಎಲುಬಾಗಬಹುದು, ಕಾರ್ಟಿಲೆಜ್ ಅನ್ನುವ ಮೆದು ಎಲುಬಾಗಬಹುದು, ಕೊಬ್ಬೂ ಆಗಬಹುದು. ಎಲುಬಿನ ಹೊರಗೆ ಅಂಟಿಕೊಂಡ ಪೆರಿಯೋಸ್ಟಿಯಮ್ ಅನ್ನುವ ತೆಳು ಪೊರೆಯಲ್ಲೂ ಇವುಗಳ ತವರು ಇದೆ. ಮುರಿತದ ಸುತ್ತ ಕಟ್ಟುವ ಹೊಸ ಎಲುಬಿಗೆ ದೊಡ್ಡ ಪಾಲು ಕೋಶ ಬರುವುದು ಆ ಪೊರೆಯಿಂದಲೇ.

ಕೋಶ ಏನಾಗಬೇಕು ಅಂತ ಯಾರು ಹೇಳುತ್ತಾರೆ? ಬಹಳ ಕಾಲ ರಾಸಾಯನಿಕಗಳು ಅಂತಷ್ಟೇ ಉತ್ತರ ಇತ್ತು. 2004ರಲ್ಲಿ ಕ್ರಿಸ್ಟೋಫರ್ ಚೆನ್ ಗುಂಪಿನವರು ಒಂದು ಚಂದದ ಪ್ರಯೋಗ ಮಾಡಿದರು. ಗಾಜಿನ ತಟ್ಟೆಯಲ್ಲಿ ಅಂಟುವ ಜಾಗವನ್ನು ಕೆಲವು ಕೋಶಗಳಿಗೆ ತೀರಾ ಸಣ್ಣದು, ಕೆಲವಕ್ಕೆ ದೊಡ್ಡದು ಮಾಡಿಕೊಟ್ಟರು. ಸುತ್ತಲಿನ ದ್ರಾವಣ ಒಂದೇ. ಇಕ್ಕಟ್ಟಿನಲ್ಲಿ ಮುದುಡಿ ಗುಂಡಗಾದ ಕೋಶಗಳು ಕೊಬ್ಬಿನ ಕಡೆ ಹೋದವು. ಕೈಕಾಲು ಚಾಚಿ ಹರಡಿ ಕೂತವು ಎಲುಬಿನ ಕಡೆ ಹೋದವು. 2006ರಲ್ಲಿ ಆ್ಯಡಂ ಎಂಗ್ಲರ್, ಡೆನಿಸ್ ಡಿಷರ್ ಮತ್ತು ಜೊತೆಗಾರರು ಇನ್ನೊಂದು ಹೆಜ್ಜೆ ಇಟ್ಟರು. ಈ ಬಾರಿ ಬದಲಿಸಿದ್ದು ಕೋಶ ಕೂತ ನೆಲದ ಗಡಸುತನ. ಮಿದುಳಿನಷ್ಟು ಮೆತ್ತಗಿನ, 1 ಕಿಲೋಪ್ಯಾಸ್ಕಲ್‌ಗಿಂತ (ಗಡಸು ಅಳೆಯುವ ಮಾನ) ಕಡಿಮೆ ಗಡಸಿನ ಜೆಲ್ ಮೇಲೆ ಕೋಶಗಳು ನರಕೋಶದ ಲಕ್ಷಣ ತೋರಿಸಿದವು. 10ರ ಆಸುಪಾಸಿನಲ್ಲಿ ಸ್ನಾಯುವಿನ ಲಕ್ಷಣ. 25ರಿಂದ 40 ಕಿಲೋಪ್ಯಾಸ್ಕಲ್ ಇದ್ದಲ್ಲಿ ಎಲುಬಿನ ಲಕ್ಷಣ. ಗಟ್ಟಿಯಾಗುವ ಮೊದಲು, ಸುಣ್ಣ ಕೂರುವ ಮೊದಲು ಹೊಸ ಎಲುಬಿನ ಗಡಸು ಇರುವುದೂ ಸುಮಾರು ಅಷ್ಟೇ.

ಕೋಶಕ್ಕೆ ಇದೆಲ್ಲ ಗೊತ್ತಾಗುವುದು ಎಳೆದು ನೋಡುವುದರಿಂದ. ಅದರೊಳಗೆ ಆ್ಯಕ್ಟಿನ್ ಅನ್ನುವ ಪ್ರೋಟೀನಿನ ಎಳೆಗಳಿವೆ. ಇಂಟೆಗ್ರಿನ್ ಅನ್ನುವ ಕೊಂಡಿಗಳ ಮೂಲಕ ಕೋಶ ಸುತ್ತಲಿನ ನೆಲವನ್ನು ಹಿಡಿದು ಎಳೆಯುತ್ತದೆ. ನೆಲ ಬಿಗಿಯಾಗಿದ್ದರೆ ಎಳೆ ಬಿಗಿಯುತ್ತದೆ. ಆಗ ಯಾಪ್ ಅನ್ನುವ ಪ್ರೋಟೀನ್ ಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ ಜೀನುಗಳನ್ನು ಎಬ್ಬಿಸುತ್ತದೆ. ನೆಲ ಮೆತ್ತಗಿದ್ದರೆ ಅದು ಹೊರಗೇ ಉಳಿಯುತ್ತದೆ. 2011ರಲ್ಲಿ ಇಟಲಿಯ ಪಾದುವಾದಲ್ಲಿ ಸ್ಟೆಫಾನೋ ಪಿಕ್ಕೋಲೋ ತಂಡ ಇದನ್ನು ತೋರಿಸಿತು. ಇನ್ನೊಂದು ದಾರಿಯೂ ಇದೆ. ಕೋಶದ ಪೊರೆಯಲ್ಲಿ ಪಿಯೆಜೋ-1 ಅನ್ನುವ ಬಾಗಿಲು ಇದೆ, ಪೊರೆ ಹಿಗ್ಗಿದಾಗ ತೆರೆದು ಕ್ಯಾಲ್ಸಿಯಂ ಒಳಗೆ ಬಿಡುತ್ತದೆ. ಇದನ್ನು 2010ರಲ್ಲಿ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಎಲುಬು ಕಟ್ಟುವ ಕೋಶಗಳಲ್ಲಿ ಪಿಯೆಜೋ-1 ಇಲ್ಲದ ಹಾಗೆ ಮಾಡಿದ ಇಲಿಗಳ ಎಲುಬು ತೆಳ್ಳಗಾಯಿತು.

ತಟ್ಟೆಯ ಕೋಶ ಬೇರೆ, ಚಿತ್ತಾಪುರದ ಮನುಷ್ಯನ ಕಾಲು ಬೇರೆ, ಅದು ನನಗೂ ಗೊತ್ತು. ಆದರೆ ದಿಕ್ಕು ಒಂದೇ. ನಮ್ಮ ರೋಗಿಯ ಟಿಬಿಯಾ ಹಿಂಬದಿಯಲ್ಲಿ ಹೊಸ ಎಲುಬು ಶುರುವಾಗಿತ್ತು ಅಂದರೆ ಕೋಶಗಳು ಬಂದಿದ್ದವು, ಕೆಲಸಕ್ಕೂ ಇಳಿದಿದ್ದವು. ಅವಕ್ಕೆ ಮುಂದಿನ ಒತ್ತಡ ಬರಲಿಲ್ಲ.

2 ಮಿ.ಮೀ. ಸಂದಿನ ಲೆಕ್ಕ

ಮುರಿತದ ಲೆಕ್ಕದಲ್ಲಿ ನನಗೆ ದಿನವೂ ಉಪಯೋಗಕ್ಕೆ ಬರುವ ವಿಚಾರ ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಅವರದ್ದು. ಸಂದಿನಲ್ಲಿ ಆಗುವ ಅಲುಗಾಟವನ್ನು ಸಂದಿನ ಅಗಲದಿಂದ ಭಾಗಿಸಿ. ಬಂದ ಶೇಕಡಾವಾರು ನೋಡಿ. ಮುರಿದ ಕೂಡಲೇ ಬೆಳೆಯುವ ಮೆತ್ತನೆ ಮಾಂಸದಂಥ ಅಂಗಾಂಶ 100 ಶೇಕಡಾದವರೆಗೂ ತಾಳುತ್ತದೆ. ಮೆದು ಎಲುಬು ಸುಮಾರು 10. ಗಟ್ಟಿ ಎಲುಬು ಬರೀ 2. ತಾಳಲಾಗದ ಜಾಗದಲ್ಲಿ ಯಾವ ಅಂಗಾಂಶವೂ ಕಟ್ಟಿಕೊಳ್ಳಲ್ಲ.

2 ಮಿ.ಮೀ. ಸಂದಿನಲ್ಲಿ 0.2 ಮಿ.ಮೀ. ಅಲುಗಾಡಿದರೆ 10 ಶೇಕಡಾ. ಮೆದು ಎಲುಬು ಬರಬಹುದು. ಅದು ಬಂದು ಜಾಗ ಬಿಗಿಯಾದರೆ ಅಲುಗಾಟ ಇನ್ನೂ ಇಳಿಯುತ್ತದೆ, ಆಗ ಗಟ್ಟಿ ಎಲುಬಿಗೆ ದಾರಿ. ಅದೇ ಅಲುಗಾಟ ಕೂದಲೆಳೆಯಷ್ಟು ತೆಳುವಾದ ಸಂದಿನಲ್ಲಿ ಆದರೆ ಶೇಕಡಾವಾರು ನೂರು ದಾಟುತ್ತದೆ, ಏನೂ ಉಳಿಯಲ್ಲ. ಇದರ ಜೊತೆಗೆ ದೇಹಕ್ಕೆ ಇನ್ನೊಂದು ಉಪಾಯ ಇದೆ. ಸಂದಿನ ಹೊರಗೆ, ಪೊರೆಯ ಕೆಳಗೆ ಗಂಟು ಕಟ್ಟುತ್ತದೆ. ಒಂದು ಕಂಬದ ವ್ಯಾಸ ಎರಡರಷ್ಟಾದರೆ ಅದು ಬಾಗದೆ ನಿಲ್ಲುವ ಬಿಗಿ 16 ಪಟ್ಟಾಗುತ್ತದೆ. ಹಾಗಾಗಿ ಗಂಟು ಸ್ವಲ್ಪ ದಪ್ಪಗಾದರೂ ಒಳಗಿನ ಅಲುಗಾಟ ಬಹಳ ಇಳಿಯುತ್ತದೆ. ಫಿಬುಲಾ ಮಾಡಿದ್ದು ಇದನ್ನೇ.

ಟಿಬಿಯಾಗೆ ಈ ಅವಕಾಶ ಸಿಗಲಿಲ್ಲ. ಮೇಲೆ ಕೆಳಗೆ ಸ್ಕ್ರೂ ಬಿಗಿದಿದ್ದರಿಂದ ತುದಿಗಳು ಹತ್ತಿರ ಬರುವಂತಿರಲಿಲ್ಲ. ಫಿಬುಲಾ ಪಕ್ಕದಿಂದ ಎತ್ತಿ ಹಿಡಿದಿತ್ತು. ಕಾಲು ನೆಲ ಮುಟ್ಟುತ್ತಿರಲಿಲ್ಲ. ಇವುಗಳಲ್ಲಿ ಒಂದೇ ಇದ್ದಿದ್ದರೆ ಬಹುಶಃ ಎಲುಬು ದಾರಿ ಹುಡುಕಿಕೊಳ್ಳುತ್ತಿತ್ತು. ಮೊದಲ ಸರ್ಜನ್ ಸ್ಕ್ರೂ ಬಿಗಿದದ್ದು ಸರಿಯೇ, ಹೊಸ ಮುರಿತ ತಿರುಗಬಾರದು. ಮೊದಲ ವಾರಗಳಲ್ಲಿ ಭಾರ ಬೇಡ ಅಂದದ್ದೂ ಸಹಜ. ಆದರೆ ಆ ಸೂಚನೆಗೆ ಕಡೇ ತಾರೀಖು ಹಾಕಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಪ್ರಕರಣದ ತಪ್ಪು ಅಲ್ಲಿದೆ.

ಎಷ್ಟು ಒತ್ತಡ ಬೇಕು ಅನ್ನೋದಕ್ಕೆ ಎರಡು ಹಳೇ ಪ್ರಯೋಗ ನೆನಪಿಸಿಕೊಳ್ಳುತ್ತೇನೆ. 1985ರಲ್ಲಿ ಬ್ರಿಟನ್ನಿನ ಗುಡ್‌ಶಿಪ್ ಮತ್ತು ಕೆನ್‌ರೈಟ್ ಕುರಿಗಳ ಟಿಬಿಯಾದಲ್ಲಿ 3 ಮಿ.ಮೀ. ಸಂದು ಮಾಡಿ, ಹೊರಗಿನ ಚೌಕಟ್ಟಿನಿಂದ ದಿನಕ್ಕೆ 17 ನಿಮಿಷ ಮಾತ್ರ ಸಣ್ಣಗೆ ಅಮುಕಿದರು. ಬಿಗಿಯಾಗಿ ಹಿಡಿದಿಟ್ಟ ಎಲುಬಿಗಿಂತ ಅವು ಚೆನ್ನಾಗಿ ಕೂಡಿದವು. ಮುಂದಿನ ಕೆಲಸದಲ್ಲಿ ಅಲುಗಾಟ ಜಾಸ್ತಿ ಮಾಡಿದಾಗ ಲಾಭ ಹೋಗಿ ನಷ್ಟವಾಯಿತು. ಅದಕ್ಕಿಂತ ಒಂದು ವರ್ಷ ಮೊದಲು, 1984ರಲ್ಲಿ, ರೂಬಿನ್ ಮತ್ತು ಲ್ಯಾನ್ಯನ್ ಹುಂಜಗಳ ರೆಕ್ಕೆಯ ಎಲುಬಿನ ಮೇಲೆ ಭಾರ ಹಾಕಿ ನೋಡಿದ್ದರು. ದಿನಕ್ಕೆ 4 ಸಲ ಹಾಕಿದರೆ ಎಲುಬು ಕರಗುವುದು ನಿಂತಿತು. 36 ಸಲ ಹಾಕಿದರೆ ಹೊಸ ಎಲುಬು ಬೆಳೆಯಿತು. 1800 ಸಲ ಹಾಕಿದರೂ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಎಲುಬಿಗೆ ಬೇಗ ಸಾಕು ಅನ್ನಿಸಿಬಿಡುತ್ತದೆ. ಸ್ವಲ್ಪ ಬಿಡುವು ಕೊಟ್ಟು ಮತ್ತೆ ಹಾಕಿದರೆ ಅದು ಮತ್ತೆ ಕೇಳಿಸಿಕೊಳ್ಳುತ್ತದೆ. ಹುಂಜದ್ದು ಮುರಿಯದ ಎಲುಬು, ನೇರವಾಗಿ ಇಲ್ಲಿಗೆ ಹಚ್ಚುವಂತಿಲ್ಲ. ಆದರೂ ದಿನಕ್ಕೊಮ್ಮೆ ಒಂದು ತಾಸು ನಡೆಸುವುದಕ್ಕಿಂತ ಸಣ್ಣ ಸಣ್ಣ ಪಾಳಿ ಒಳ್ಳೇದು ಅನ್ನೋ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಮಾಡಿದ್ದೇನು

ಸರ್ಜನ್ ಸಣ್ಣ ಆಪರೇಷನ್ ಮಾಡಿದರು. ರಾಡ್‌ನ ಮೇಲ್ತುದಿಯಲ್ಲಿ ಒಂದು ತೂತು ಗುಂಡಗೆ, ಇನ್ನೊಂದು ಉದ್ದುದ್ದ ಇರುತ್ತದೆ. ಗುಂಡನೆ ತೂತಿನ ಸ್ಕ್ರೂ ತೆಗೆದರು. ಉದ್ದ ತೂತಿನದ್ದು ಬಿಟ್ಟರು. ಈಗ ಎಲುಬು ತಿರುಗಲ್ಲ, ಆದರೆ ಕಾಲು ಊರಿದಾಗ ಉದ್ದಕ್ಕೆ ಕೆಲವು ಮಿ.ಮೀ. ಜಾರಿ ತುದಿಗೆ ತುದಿ ತಾಗಬಹುದು. ಡೈನಮೈಸೇಷನ್ ಅಂತಾರೆ ಇದಕ್ಕೆ. ಜೊತೆಗೆ ಫಿಬುಲಾದ ಒಂದು ಸಣ್ಣ ತುಂಡು ತೆಗೆದರು, ಆಧಾರ ಬಿಟ್ಟುಕೊಡಲಿ ಅಂತ. ವಿಟಮಿನ್ ಡಿ ಶುರುವಾಯಿತು. ಬೀಡಿ ಬಿಡಿ ಅಂದಾಗ ತಲೆ ಆಡಿಸಿದರು. ಹೆಂಡತಿ ನಂಬಲಿಲ್ಲ, ಅಂಗಡಿಯವನಿಗೇ ಹೇಳಿಟ್ಟು ಬಂದರು.

ನಂತರ ನನ್ನ ಪಾಳಿ. ಸಾಮಾನು ಒಂದೇ, ಮುಳ್ಳು ತೋರಿಸುವ ತೂಕದ ಯಂತ್ರ. ಬಲಗಾಲು ಅದರ ಮೇಲೆ, ಎಡಗಾಲು ಅಷ್ಟೇ ಎತ್ತರದ ಫರ್ಸಿ ತುಂಡಿನ ಮೇಲೆ. "12 ಕೆಜಿ ಬರುವಷ್ಟು ಊರ್ರಿ" ಅಂದೆ. ಕಣ್ಣು ಮುಚ್ಚಿ ಊರಿದರು, ಹಣೆ ಬೆವರಿತು. ಆಯಿತು ಅಂದರು. ಮುಳ್ಳು 4ರಲ್ಲಿತ್ತು. ಕಲ್ಲನ್ನು ಕೈಯಲ್ಲಿ ಎತ್ತಿ ಇಷ್ಟೇ ಕೆಜಿ ಅಂತ ಹೇಳಬಲ್ಲ ಮನುಷ್ಯ. ಕೈ ಮರೆತಿರಲಿಲ್ಲ, ಕಾಲು ಮರೆತಿತ್ತು. ಮತ್ತೆ ಕಣ್ಣು ತೆರೆದು, ಮುಳ್ಳು ನೋಡುತ್ತಾ ಮಾಡಿಸಿದೆ. ಆರು, ಎಂಟು, ಹನ್ನೆರಡು. ಹನ್ನೆರಡಕ್ಕೆ ಬಂದಾಗ ಅವರು ರಾಡ್ ಇರುವ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿಕೊಂಡರು. ಏನೂ ಆಗಿರಲಿಲ್ಲ.

ಎಷ್ಟು ಊರಬೇಕು, ಎಷ್ಟು ಬೇಡ ಅನ್ನುವುದನ್ನು ನಾನು ಕೋಶ, ಶೇಕಡಾ ಅಂತ ವಿವರಿಸುತ್ತಿದ್ದೆ. ಅವರ ಹೆಂಡತಿ ನಡುವೆ ಬಾಯಿ ಹಾಕಿದರು. "ರೊಟ್ಟಿ ಬಡದಂಗ ಅನ್ರಿ. ಮೆಲ್ಲಗ ಬಡದ್ರ ಅಗಲ ಆಗಂಗಿಲ್ಲ, ಜೋರ ಬಡದ್ರ ಹರೀತದ." ಆಮೇಲಿಂದ ನಾನು ಬೇರೆಯವರಿಗೂ ಇದನ್ನೇ ಹೇಳುತ್ತಿದ್ದೇನೆ.

ಬಿಸಿಲಿಗೆ ಮೊದಲು ಒಂದು ಪಾಳಿ, ಹತ್ತು ಗಂಟೆಗೆ ಮನೆಯೊಳಗೆ ಒಂದು, ಸಂಜೆ ಎರಡು. ಒಂದೊಂದು ಪಾಳಿಗೆ ಐವತ್ತರ ಆಸುಪಾಸು ಹೆಜ್ಜೆ. ಊರುಗೋಲು ಎರಡೂ ಇರಲಿ, ಆದರೆ ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಆಮೇಲೆ ಬೆರಳು. ಮುಂಗಾಲಿನಲ್ಲಷ್ಟೇ ಕುಂಟಿದರೆ ಮುರಿತದಲ್ಲಿ ಬಾಗುವ ಬಲ ಬೀಳುತ್ತದೆ. ನಮಗೆ ಬೇಕಾದದ್ದು ಉದ್ದಕ್ಕೆ ಅಮುಕುವ ಬಲ. ವಾರದಿಂದ ವಾರಕ್ಕೆ ಭಾರ ಏರಿಸಿದೆವು. ಎರಡನೇ ವಾರದ ಕೊನೆಗೆ 20 ಕೆಜಿ, ನಾಲ್ಕನೇ ವಾರಕ್ಕೆ ದೇಹದ ಅರ್ಧಕ್ಕಿಂತ ಜಾಸ್ತಿ. ರಾತ್ರಿ ಮಲಗಿದಾಗಲೂ ನೋವು ಉಳಿದರೆ ಮರುದಿನ ಹಿಂದಿನ ತೂಕಕ್ಕೆ ಇಳಿಸಬೇಕು ಅನ್ನುವುದೊಂದೇ ನಿಯಮ. ಜೂನ್‌ನಲ್ಲಿ ತೊಗರಿ ಬಿತ್ತುವಾಗ ಹೊಲದ ಬದುವಿನ ಮೇಲೆ ನಿಂತು ಬಂದಿದ್ದೆ ಅಂತ ಹೇಳಿದರು. ಹೊಲದ ಎರೆ ಮಣ್ಣು ಮಳೆ ಬಿದ್ದರೆ ಕಾಲು ಹಿಡಿದು ತಿರುಚುತ್ತದೆ, ಅಲ್ಲಿ ಮಾತ್ರ ಬೇಡ ಅಂದೆ.

ಡೈನಮೈಸೇಷನ್ ಆಗಿ ಆರು ವಾರಕ್ಕೆ ಎಕ್ಸ್‌ರೇ. ಸಂದು ಮುಚ್ಚಿತ್ತು. ಉಳಿದ ಮೂರು ಬದಿಯಲ್ಲೂ ಮಸುಕಾದ ಗಂಟು, ರಸ್ಟ್ ಅಂಕ 8. ಕಾಲು 2 ಮಿ.ಮೀ. ಗಿಡ್ಡ ಆಗಿರಬೇಕು, ಅದು ಯಾರ ಕಣ್ಣಿಗೂ ಕಾಣಲ್ಲ. ಮೂರು ತಿಂಗಳಿಗೆ ಒಂದೇ ಊರುಗೋಲು. ಐದು ತಿಂಗಳಿಗೆ ಅಂಕ 11, ಊರುಗೋಲು ಇಲ್ಲದೆ ಬಸ್ ಹತ್ತಿ ಬಂದರು. ಮುರಿದ ಜಾಗ ಒತ್ತಿದರೆ ನೋವಿಲ್ಲ. ಬಲ ಹಿಮ್ಮಡಿಯಲ್ಲಿ ಬಿರುಕು ಬಿಡಲು ಶುರುವಾಗಿತ್ತು.

ಇಂಜೆಕ್ಷನ್ ಪ್ರಶ್ನೆಗೆ ಉತ್ತರ

ಬೇಡ ಅಂತಲೇ ಹೇಳಿದ್ದೆ, ಅದೂ ಮೊದಲ ದಿನವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ ಚಿಕಿತ್ಸೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ದುಡ್ಡು ತಗೊಂಡು ಮಾರುವಂತಿಲ್ಲ. ಕರಪತ್ರದಲ್ಲಿ ಯಾವ ಪ್ರಯೋಗದ ಮಾತೂ ಇರಲಿಲ್ಲ. ಅದನ್ನು ಪಕ್ಕಕ್ಕಿಟ್ಟರೂ, ಒತ್ತಡವೇ ಇಲ್ಲದ ಜಾಗಕ್ಕೆ ಇನ್ನಷ್ಟು ಕೋಶ ಸುರಿದರೆ ಅವೂ ಸುಮ್ನೆ ಕೂರುತ್ತವೆ, ಅಲ್ವಾ?

ಆದರೆ ಕೋಶದ ಕೊರತೆ ಅನ್ನುವುದೇ ಸುಳ್ಳು ಅಂತಲ್ಲ. ಫ್ರಾನ್ಸಿನ ಫಿಲಿಪ್ ಎರ್ನಿಗು 2005ರಲ್ಲಿ ವರದಿ ಮಾಡಿದ 60 ರೋಗಿಗಳ ಟಿಬಿಯಾದಲ್ಲಿ ಗಂಟೇ ಕಟ್ಟಿರಲಿಲ್ಲ. ಅವರದೇ ಸೊಂಟದ ಮಜ್ಜೆ ತೆಗೆದು, ಅದರ ಕೋಶಗಳನ್ನು ಸಾಂದ್ರ ಮಾಡಿ ಮುರಿತಕ್ಕೆ ಹಾಕಿದಾಗ 53 ಜನರಲ್ಲಿ ಎಲುಬು ಕೂಡಿತು. ಕೂಡದಿದ್ದವರಿಗೆ ಹಾಕಿದ ಮಜ್ಜೆಯಲ್ಲಿ ಬೇಕಾದ ಕೋಶಗಳೇ ಕಡಿಮೆ ಇದ್ದವು. ಇಂಥ ರೋಗಿಗೆ ನಾನು ನಡೀರಿ ನಡೀರಿ ಅಂತ ಎಷ್ಟು ಹೇಳಿದರೂ ಉಪಯೋಗವಾಗಲಿಕ್ಕಿಲ್ಲ. ನಮ್ಮ ರೋಗಿಗೆ ಫಿಬುಲಾದ ಸಾಕ್ಷಿ ಇತ್ತು, ಹಿಂಬದಿಯ ಮಂಜಿನ ಸಾಕ್ಷಿ ಇತ್ತು.

ಇನ್ನೊಬ್ಬರು ಬಾಡಿಗೆಗೆ ಅಲ್ಟ್ರಾಸೌಂಡ್ ಯಂತ್ರ ಕೊಡುತ್ತೇವೆ, ದಿನಾ ಹಿಡಿದರೆ ಎಲುಬು ಬೇಗ ಕೂಡುತ್ತದೆ ಅಂದಿದ್ದರಂತೆ. ರಾಡ್ ಹಾಕಿದ 501 ಟಿಬಿಯಾ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಫಾಯಿದೆ ಕಾಣಲಿಲ್ಲ. ಆ ಬಾಡಿಗೆ ದುಡ್ಡಿಗೆ ಒಳ್ಳೆ ಚಪ್ಪಲಿ ಬರುತ್ತದೆ.

ಈ ಪ್ರಕರಣ ಓದಿ ಯಾರೂ ತಮ್ಮ ಕಾಲು ತಾವೇ ಊರಲು ಹೋಗಬೇಡಿ. ಕೂಡದ ಎಲುಬಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಜಾತಿಯೂ ಇದೆ. ಅಲ್ಲಿ ಗಂಟು ದೊಡ್ಡದಾಗಿ ಕಟ್ಟಿರುತ್ತದೆ, ನಡುವೆ ಸೀಳು ಉಳಿದಿರುತ್ತದೆ. ಅಲುಗಾಟ ಜಾಸ್ತಿಯಾದದ್ದೇ ಅದರ ಕಾಯಿಲೆ. ಅಂಥವರಿಗೆ ಇನ್ನೂ ದಪ್ಪ ರಾಡ್ ಅಥವಾ ಪ್ಲೇಟ್ ಹಾಕಿ ಬಿಗಿ ಮಾಡಬೇಕು, ಬಿಡಿಸಿದರೆ ಕೆಡುತ್ತದೆ. ಒಳಗೆ ಕೀವಿದ್ದರೆ ಮೊದಲು ಅದು ಹೋಗಬೇಕು. ಓರೆ ಮುರಿತಕ್ಕೆ, ಚೂರುಚೂರಾದ ಮುರಿತಕ್ಕೆ ಸ್ಕ್ರೂ ತೆಗೆದರೆ ಕಾಲು ಕುಸಿಯಬಹುದು. ಇವರದು ಅಡ್ಡ ಮುರಿತ, ರಾಡ್ ಗಟ್ಟಿ, ಹಾಗಾಗಿ ಸರ್ಜನ್ ಧೈರ್ಯ ಮಾಡಿದರು.

ಇವರಲ್ಲಿ ಎಲುಬು ಕೂಡಿಸಿದ್ದು ಯಾವುದು ಅಂತ ಬೇರೆ ಬೇರೆ ಮಾಡಿ ಹೇಳಲು ಬರಲ್ಲ. ಸ್ಕ್ರೂ ತೆಗೆದದ್ದು, ಫಿಬುಲಾ ಕತ್ತರಿಸಿದ್ದು, ಕಾಲು ಊರಿದ್ದು, ವಿಟಮಿನ್ ಡಿ, ಬೀಡಿ ಬಿಟ್ಟದ್ದು, ಎಲ್ಲ ಒಟ್ಟಿಗೇ ಆದವು. ಬೀಡಿ ಪೂರ್ತಿ ಬಿಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಏಳು ತಿಂಗಳು ನಿಂತಿದ್ದ ಎಲುಬು ಆರೇ ವಾರದಲ್ಲಿ ಮೂರು ಬದಿ ಕಟ್ಟಿದ್ದು ನೋಡಿದರೆ ದೊಡ್ಡ ಪಾಲು ಒತ್ತಡದ್ದು ಅಂತ ನನ್ನ ನಂಬಿಕೆ.

ಈಗ ಇರುವ ಪ್ರಶ್ನೆ ರಾಡ್‌ನದ್ದು. ತೆಗೆಸಿ ಅಂತ ಅವರು ಕೇಳುತ್ತಿದ್ದಾರೆ. ಸರ್ಜನ್ ಇನ್ನೂ ಕಾಯಿರಿ ಅಂದಿದ್ದಾರೆ. ಕೂಡಿದ ಎಲುಬು ಇನ್ನೂ ಒರಟು ಗಂಟು. ಭಾರ ಬೀಳುವ ಕಡೆ ಎಲುಬು ಸೇರುತ್ತದೆ, ಬೀಳದ ಕಡೆ ಕರಗುತ್ತದೆ ಅಂತ ಬರ್ಲಿನ್ನಿನ ಯೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದರು. ಈ ಕೆಲಸದ ಮೇಸ್ತ್ರಿಗಳು ಗಟ್ಟಿ ಎಲುಬಿನೊಳಗೆ ಹೂತ ಆಸ್ಟಿಯೋಸೈಟ್ ಕೋಶಗಳು. ಎಲುಬಿನ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇವೇ. ಭಾರ ಬಿದ್ದಾಗ ಇವು ಸ್ಕ್ಲೆರೋಸ್ಟಿನ್ ಅನ್ನುವ ತಡೆ ಪ್ರೋಟೀನ್ ಕಡಿಮೆ ಮಾಡುತ್ತವೆ, ಆಗ ಎಲುಬು ಕಟ್ಟುವ ಕೋಶಗಳ ಕೈ ಬಿಡುವಾಗುತ್ತದೆ. ಅದೇ ಪ್ರೋಟೀನನ್ನು ತಡೆಯುವ ರೋಮೋಸೋಜುಮ್ಯಾಬ್ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅದು ಎಲುಬು ಸವೆದ ಹೆಂಗಸರಿಗೆ. ರಾಡ್ ಒಳಗಿರುವಷ್ಟು ದಿನ ಭಾರದ ಒಂದು ಪಾಲು ಅದರ ಮೇಲೆ ಹೋಗುತ್ತದೆ, ಎಲುಬಿಗೆ ಪೂರ್ತಿ ಬರಲ್ಲ. ಬೇಗ ತೆಗೆದರೆ ತೂತುಗಳಿರುವ ಕಡೆ ಮತ್ತೆ ಮುರಿಯುವ ಭಯ. ಮುಂದಿನ ಬೇಸಿಗೆಯ ಎಕ್ಸ್‌ರೇ ನೋಡಿ ತೀರ್ಮಾನ. ಅಲ್ಲಿವರೆಗೆ ಫರ್ಸಿ ಘಟಕದಲ್ಲಿ ಅವರಿಗೆ ಕಲ್ಲು ಎಣಿಸಿ ಬರೆದುಕೊಳ್ಳುವ ಕೆಲಸ ಕೊಟ್ಟಿದ್ದಾರೆ. ಕೂಲಿ ಕಡಿಮೆ. ಇಂಜೆಕ್ಷನ್‌ಗೆ ಹೋಗಬೇಕಿದ್ದ ಒಂದು ಎಕರೆ ಹೊಲ ಉಳಿದಿದೆ, ಈ ಸಲ ಅದರಲ್ಲೂ ತೊಗರಿಯನ್ನೇ ಹಾಕಿದ್ದಾರೆ.